ಜೋಕಾಲಿಯಲ್ಲಿ ಬಂದ ನೋಟೀಸು

ಬಿಸ್ಕತ್ತು ಕಾರ್ಖಾನೆಯಲ್ಲಿ ಡಬ್ಬಗಳ ಮೇಲಿನ ಅಕ್ಷರಗಳನ್ನೆಲ್ಲ ಬರೆಯುತ್ತಿದ್ದವಳಿಗೆ ಅಕ್ಷರದಮ್ಮ ಎಂದೇ ಹೆಸರು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ. ಅವತ್ತು ಬೆಳಿಗ್ಗೆ ಗೇಟಿನ ಪಕ್ಕದ ಫಲಕ ನೋಡಿದ್ದೇ ಅದು ನೆತ್ತಿಗೇರಿತು.

"ಪ್ಯಾಕಿಂಗ್ ವಿಭಾಗವನ್ನು ಮುಚ್ಚಲಾಗಿದೆ. ಅಲ್ಲಿಯವರು ನಾಳೆಯಿಂದ ಕೆಲಸಕ್ಕೆ ಬರಬೇಕಾಗಿಲ್ಲ." ನೋಟೀಸು ಇಷ್ಟೇ. ಆದರೆ ಅಚ್ಚಾಗಿದ್ದದ್ದು ಜೋಕಾಲಿಯಲ್ಲಿ.

ಜೋಕಾಲಿ ಅವಳೇ ರೂಪಿಸಿದ ಅಕ್ಷರಶೈಲಿ, ಕಂಪ್ಯೂಟರಿನ ಫಾಂಟು. ಬಲಕ್ಕೆ ವಾಲಿ, ಸೊಂಟ ಬಳುಕಿಸಿ, ಕೊನೆಯಲ್ಲೊಂದು ಸುರುಳಿ ಬಾಲ ಬಿಟ್ಟುಕೊಂಡು ನಿಂತ ತುಂಟ ಅಕ್ಷರ. ಆ ಸುರುಳಿ ಬಂದದ್ದು ಅವಳ ಅಕ್ಕನ ಹಣೆಯಿಂದ; ಕೆಲಸದ ಟೋಪಿಯನ್ನು ಎಷ್ಟು ಬಿಗಿಯಾಗಿ ಹಾಕಿಕೊಂಡರೂ ಆಚೆ ಇಣುಕುವ ಮುಂಗುರುಳು ಅದು. ಹುಟ್ಟುಹಬ್ಬದ ಡಬ್ಬಕ್ಕೆಂದು ಬರೆದದ್ದು ಬಲೂನು, ವ್ಯಾನು, ಅಂಗಡಿ ಬೋರ್ಡು ಎಂದು ಕಂಡಕಂಡಲ್ಲೆಲ್ಲ ಹತ್ತಿ ಕುಳಿತಿತ್ತು. ದೊಡ್ಡದಾಗಿ ಒಂದೆರಡು ಪದಕ್ಕಷ್ಟೇ ಇದು ಚೆಂದ ಎಂದು ಅವಳು ಬಾಯಿ ನೋಯುವಷ್ಟು ಹೇಳಿದ್ದಳು. ಕೇಳುವವರು ಯಾರು? ಈಗ ವರ್ಷಗಟ್ಟಲೆ ಪ್ಯಾಕಿಂಗ್‌ನಲ್ಲಿ ದುಡಿದ ಅದೇ ಅಕ್ಕನನ್ನು ಆ ಅಕ್ಷರ ಕುಣಿಕುಣಿದು ಮನೆಗೆ ಕಳಿಸುತ್ತಿತ್ತು.

ಫಲಕದ ಮುಂದೆ ಪ್ಯಾಕಿಂಗ್‌ನವರ ಗುಂಪಿನಲ್ಲಿದ್ದ ಅಕ್ಕ ತಿರುಗಿದಳು. "ನಿನಗೆ ಮೊದಲೇ ಗೊತ್ತಿತ್ತಾ?"

"ನಿನ್ನಾಣೆ, ಗೊತ್ತಿರ್ಲಿಲ್ಲ. ಇಲ್ಲೇ ಇರು. ಆ ಮ್ಯಾನೇಜರನಿಗೆ ಗ್ರಹಚಾರ ಬಿಡಿಸಿ ಬರ್ತೀನಿ."

ಬಾಗಿಲು ಕೂಡ ತಟ್ಟದೆ ಅವಳು ಮ್ಯಾನೇಜರನ ಕೋಣೆಗೆ ನುಗ್ಗಿದಳು.

"ಆ ನೋಟೀಸನ್ನ ಜೋಕಾಲೀಲಿ ಹಾಕ್ಸಿದ್ದು ಯಾರು?"

"ನಾನೇ. ಕೆಟ್ಟ ಸುದ್ದಿ ನೋಡಿ, ಸ್ವಲ್ಪ ಮೃದುವಾಗಿರ್ಲಿ ಅಂತ." ದೊಡ್ಡ ಉಪಕಾರ ಮಾಡಿದವನ ಹಾಗೆ ಅವನು ನಕ್ಕ.

ಅವಳ ಮೈಯೆಲ್ಲ ಉರಿದುಹೋಯಿತು. "ಜನರ ಹೊಟ್ಟೆ ಮೇಲೆ ಹೊಡೆಯೋದು, ಹೊಡೀತಾ ಹೊಡೀತಾ ಹಲ್ಲು ಕಿರಿಯೋದು. ಇದು ಮೃದುವಾ?"

"ಅಕ್ಷರ ಕಂಪನೀದಮ್ಮ. ಎಲ್ಲಿ ಬೇಕಾದ್ರೂ ಹಾಕ್ತೀವಿ."

"ಹಾಗಾದ್ರೆ ನಿಮ್ಮನೇಲಿ ಯಾರಾದ್ರೂ ಸತ್ತಾಗ್ಲೂ ಇದನ್ನೇ ಹಾಕ್ಸಿ."

ಅವನ ಮುಖ ಕಪ್ಪಿಟ್ಟಿತು. ಅವಳು ಬಿಡಲಿಲ್ಲ. ಯಾವ ಅಕ್ಷರ ನಗುತ್ತದೆ, ಯಾವುದು ಸುಮ್ಮನೆ ವಿಷಯ ಹೇಳುತ್ತದೆ, ಬಾಲ ಎಲ್ಲಿ ಸಲ್ಲುತ್ತದೆ ಎಂದು ಮೇಜು ಗುದ್ದಿ ಗುದ್ದಿ ಪಾಠ ಮಾಡಿದಳು. ಕೊನೆಗೆ ಅವನೇ ಕೈಮುಗಿದು ಕುರ್ಚಿ ಬಿಟ್ಟೆದ್ದ. "ತಾಯಿ, ನಿಮಗೆ ಬೇಕಾದ ಹಾಗೆ ಮಾಡ್ಕೊಳಿ."

ಅವಳು ಅಲ್ಲೇ ಅವನ ಕಂಪ್ಯೂಟರಿನ ಮುಂದೆ ಕುಳಿತು ಜೋಕಾಲಿ ತೆಗೆದು ನೆಟ್ಟಗೆ ನಿಂತ ಸಾದಾ ಅಕ್ಷರ ಹಾಕಿದಳು. ಸಾಲುಗಳ ನಡುವೆ ಜಾಗ ಬಿಟ್ಟು, ಅಂಚು ಸರಿಮಾಡಿ, ಪ್ರಿಂಟ್ ತೆಗೆದಳು. ಹಳೆಯ ಹಾಳೆ ಕಿತ್ತು ಹೊಸದನ್ನು ತಾನೇ ಅಂಟಿಸಿ, ಗೆದ್ದು ಬಂದವಳಂತೆ ಅಕ್ಕನ ಕಡೆ ನೋಡಿದಳು.

ಅಕ್ಕ ನಿಧಾನವಾಗಿ ಓದಿದಳು. "ಅಷ್ಟು ಹೊತ್ತು ಒಳಗೆ ಕೂಗಾಡಿದ್ದು ಇದಕ್ಕಾ?"

"ಮತ್ತೆ? ಅದನ್ನ ಹಾಗೇ ಬಿಡ್ಬೇಕಿತ್ತಾ?"

"ನನ್ನ ಕೆಲಸದ ಮಾತು ಒಂದ್ಸಲವಾದ್ರೂ ಎತ್ತಿದ್ಯಾ?"

ಎತ್ತಿರಲಿಲ್ಲ. ಅವನು ಕೈಮುಗಿದು ನಿಂತಾಗಲೂ ಅದು ಅವಳ ತಲೆಗೆ ಹೊಳೆದಿರಲಿಲ್ಲ. ಇಷ್ಟು ಹೊತ್ತು ಅವನ ಮೇಲಿದ್ದ ಸಿಟ್ಟೆಲ್ಲ ತನ್ನ ಮೇಲೇ ತಿರುಗಿತು.

"ಪಕ್ಕಕ್ಕೆ ಸರಿ," ಅಂದಳು ಅಕ್ಕ. "ಹಿಂದಿರೋರು ಓದ್ಬೇಕು."