ಸಿಡುಕಪ್ಪನ ರೋಮ

ದೊಡ್ಡಮ್ಮ ಗುಬ್ಬಿಯ ಚೀಲವನ್ನು ಕತ್ತರಿಸುವ ಮೇಜಿನ ಮೇಲೆ ಬೋರಲು ಹಾಕಿ ಕೊಡವಿದಾಗ ಶೆಡ್ಡಿನ ಹದಿನಾಲ್ಕು ಹೊಲಿಗೆ ಯಂತ್ರಗಳೂ ಒಂದೊಂದಾಗಿ ನಿಂತವು. ಊಟದ ಡಬ್ಬಿ, ಬಾಚಣಿಗೆ, ಅಮ್ಮನ ಮಾತ್ರೆಯ ಚೀಟಿ ಬಿದ್ದವು. ಎಲ್ಲದರ ಕೊನೆಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಬೂದು ಬಣ್ಣದ ಗೊಂಬೆಯೊಂದು ಬಿತ್ತು.

"ನೋಡ್ರಮ್ಮಾ, ನೋಡಿ! ತಂಗಿ ಮಗಳು ಅಂತ ಒಳಗೆ ಬಿಟ್ಕೊಂಡ್ರೆ ಉಂಡ ಮನೆಗೇ ಎರಡು ಬಗೆದಳು."

"ಅದು ನಾನೇ..." ಎಂದಳು ಗುಬ್ಬಿ.

"ನೀನೇ ಕದ್ದಿದ್ದು. ನಾನೂ ಅದನ್ನೇ ಹೇಳ್ತಿರೋದು."

ಯಾರೋ ಕಿಸಕ್ಕೆಂದು ನಕ್ಕರು. ಗುಬ್ಬಿ ತಲೆಯೆತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ಗೊಂಬೆ ಯಾರದೆಂದು ಹದಿನಾಲ್ಕು ಜನಕ್ಕೂ ಗೊತ್ತಿತ್ತು. ಹದಿನಾಲ್ಕು ಜನರೂ ಸೂಜಿಗೆ ದಾರ ಪೋಣಿಸುವವರಂತೆ ಕಣ್ಣು ಕೆಳಗೆ ಹಾಕಿದರು. ಗುಬ್ಬಿ ಡಬ್ಬಿ, ಬಾಚಣಿಗೆ, ಚೀಟಿಗಳನ್ನು ಆರಿಸಿಕೊಂಡು ಹೊರಗೆ ನಡೆದಳು. ಗೊಂಬೆ ಮೇಜಿನ ಮೇಲೇ ಉಳಿಯಿತು.

ಅವಳಿಗೆ ಗುಬ್ಬಿ ಎಂಬ ಹೆಸರು ಬಿದ್ದದ್ದೂ ಆ ಶೆಡ್ಡಿನಲ್ಲೇ. ಎಂಟನೆಯ ತರಗತಿಯಲ್ಲಿದ್ದಾಗ ಅಮ್ಮ ಹಾಸಿಗೆ ಹಿಡಿದಳು. ಅಮ್ಮನ ಅಕ್ಕನೇ ದೊಡ್ಡಮ್ಮ. ಮೆತ್ತನೆಯ ಗೊಂಬೆ ಹೊಲಿಯುವ ಶೆಡ್ಡು ನಡೆಸುತ್ತಿದ್ದಳು. "ಓದಿ ಯಾವ ರಾಜ್ಯ ಆಳ್ಬೇಕು, ನನ್ನ ಹತ್ರ ಬಿಡು" ಎಂದು ಕರೆದುಕೊಂಡು ಬಂದಳು. ಗುಬ್ಬಿ ಮೂಲೆಯಲ್ಲಿ ಕೂತಳು. ಮಾತಿಲ್ಲ, ಕತೆಯಿಲ್ಲ, ಕಣ್ಣೆರಡು ಮಾತ್ರ ಅತ್ತಿತ್ತ ಹಾರುತ್ತಿದ್ದವು. ನೋಡಿ ನೋಡಿಯೇ ಕೆಲಸ ಕಲಿತಳು.

ಆ ಶೆಡ್ಡಿಗೆ ಒಂದು ಕಟ್ಟಳೆಯಿತ್ತು. ರೋಮದ ಬಟ್ಟೆಗೆ ಬೆಕ್ಕಿನ ಬೆನ್ನಿನಂತೆ ಒಂದು ದಿಕ್ಕಿರುತ್ತದೆ. ಒಂದು ಕಡೆ ಸವರಿದರೆ ನುಣುಪು, ಇನ್ನೊಂದು ಕಡೆ ಸವರಿದರೆ ನಿಮಿರುತ್ತದೆ. ಗೊಂಬೆಯ ಮೈಮೇಲೆ ರೋಮ ಯಾವಾಗಲೂ ತಲೆಯಿಂದ ಕಾಲಿಗೆ ಇಳಿಯಬೇಕು. ಅದಕ್ಕೆಂದೇ ಪ್ರತಿ ಮಾದರಿ ರಟ್ಟಿನ ಮೇಲೂ ದೊಡ್ಡಮ್ಮ ಕೆಳಮುಖ ಬಾಣ ಬರೆದಿದ್ದಳು. ರಟ್ಟನ್ನು ತಿರುವಿ ಇಟ್ಟವರ ಬೆರಳ ಗೆಣ್ಣಿಗೆ ಮರದ ಅಳತೆಪಟ್ಟಿಯ ಏಟು. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅವಳದು, ಕಣ್ಣು ಮುಚ್ಚಿಕೊಂಡು ಸವರಿ ದಿಕ್ಕು ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಗುಬ್ಬಿ ಮಿಕ್ಕ ತುಂಡುಬಟ್ಟೆಯಲ್ಲಿ ಕರಡಿಮರಿ ಕತ್ತರಿಸುತ್ತಿದ್ದಳು. ಬಟ್ಟೆ ಸಾಲಲಿಲ್ಲ. ರಟ್ಟನ್ನು ತಲೆಕೆಳಗು ಮಾಡಿದರೆ ಮಾತ್ರ ಹಿಡಿಸುತ್ತಿತ್ತು. ದೊಡ್ಡಮ್ಮ ಹೊರಗೆ ಫೋನಿನಲ್ಲಿದ್ದಳು. ಗುಬ್ಬಿ ರಟ್ಟು ತಿರುವಿ ಕತ್ತರಿಸಿಬಿಟ್ಟಳು. ಹೊಲಿದು ಹತ್ತಿ ತುಂಬಿ ನೋಡಿದರೆ ಅದು ಕರಡಿಯೂ ಅಲ್ಲ, ಬೆಕ್ಕೂ ಅಲ್ಲ. ಕೆನ್ನೆಯ ರೋಮವೆಲ್ಲ ಮೇಲಕ್ಕೆದ್ದು, ಹುಬ್ಬು ಕಣ್ಣಿನ ಮೇಲೆ ಬಿದ್ದು, ನಿದ್ದೆಯಿಂದ ಎಬ್ಬಿಸಿದ ಮಾವನ ಹಾಗೆ ಸಿಡುಕಿಕೊಂಡು ಕೂತಿತ್ತು. ಅಳತೆಪಟ್ಟಿಯ ಹೆದರಿಕೆಗೆ ಅದನ್ನು ರಾಶಿಯ ಅಡಿಗೆ ತಳ್ಳಿದಳು. ಯಂತ್ರದ ಅಕ್ಕಂದಿರು ಎಳೆದು ತೆಗೆದು ಹೊಟ್ಟೆ ಹಿಡಿದು ನಕ್ಕರು. "ಸಿಡುಕಪ್ಪ ಬಂದ್ನಲ್ಲೇ!" ಎಂದು ಹೆಸರನ್ನೂ ಇಟ್ಟರು. ಆ ಮೊದಲನೆಯವನು ಅಂದಿನಿಂದ ಗುಬ್ಬಿಯ ಚೀಲದಲ್ಲೇ ಉಳಿದ.

ಆಮೇಲಿನದು ಯಾರೂ ನೆನೆಸದ್ದು. ನಗು ಕೇಳಿ ಒಳಗೆ ಬಂದ ದೊಡ್ಡಮ್ಮ ಅಂತಹವೇ ಹತ್ತು ಮಾಡಿಸಿ ಅಂಗಡಿಗೆ ಕಳಿಸಿದಳು, ಹತ್ತೂ ಮಕ್ಕಳ ಕೈಗೆ ಹೋಗಲಿಲ್ಲ, ದೊಡ್ಡವರ ಕೈಗೆ ಹೋದವು. ಬ್ಯಾಂಕಿನವರ ಚೀಲದಲ್ಲಿ ತೂಗಾಡಿದವು, ವಕೀಲರ ಮೇಜಿನ ಮೇಲೆ ಕೂತವು. ಕಚೇರಿಯಲ್ಲಿ ದಿನವಿಡೀ ನಗುಮುಖ ಹೊತ್ತು ಕೂತವರಿಗೆ ತಮ್ಮ ಬದಲಿಗೆ ಸಿಡುಕುವವನೊಬ್ಬ ಸಿಕ್ಕಿದ್ದ. ಅಂಗಡಿ ತೆರೆಯುವ ಮೊದಲೇ ನರೆಗೂದಲಿನವರ ಸಾಲು ಬೆಳೆಯಿತು. ಹಲ್ಲಿನ ಡಾಕ್ಟರೊಬ್ಬರು ನೂರಿಪ್ಪತ್ತು ಸಿಡುಕಪ್ಪಂದಿರನ್ನು ಸೇರಿಸಿ, ಅವರ ಸಲುವಾಗಿಯೇ ಒಂದು ಸಂಘ ಕಟ್ಟಿ ಅಧ್ಯಕ್ಷರಾದರು.

ಸಿಡುಕಪ್ಪನ ಬಟ್ಟೆ ಕತ್ತರಿಸಿ ಹೊಲಿಯುತ್ತಿದ್ದವಳು ಗುಬ್ಬಿಯೊಬ್ಬಳೇ. ಪ್ರತಿ ಸಲವೂ ಬೆನ್ನು ತಿರುಗಿಸಿ ಕೂತು, ಬಾಣವನ್ನು ತಲೆಕೆಳಗು ಮಾಡಿ ಕತ್ತರಿಸುತ್ತಿದ್ದಳು. ಹೇಳಿದರೆ ಏಟು ಬಿದ್ದೀತೆಂಬ ಹೆದರಿಕೆ ಆಗಲೂ ಹೋಗಿರಲಿಲ್ಲ. ದೊಡ್ಡಮ್ಮನಿಗೂ ಗೊತ್ತಾಗಲಿಲ್ಲ, ಅವಳು ಸವರಿ ನೋಡುತ್ತಿದ್ದದ್ದು ಹರಡಿದ ಬಟ್ಟೆಯನ್ನು, ಹೊಲಿದ ಗೊಂಬೆಯನ್ನಲ್ಲ. ಚಪ್ಪಲಿಯನ್ನು ತಲೆಗೆ ಹಾಕಬಹುದೆಂದು ಯಾರಿಗಾದರೂ ಹೊಳೆಯುತ್ತದೆಯೇ? ಗುಬ್ಬಿಯ ಕೈಯ ಹೊಲಿಗೆಯೇ ಸೊಟ್ಟ, ಅದಕ್ಕೇ ಮುಖ ಹಾಗೆ ಬರುತ್ತದೆ ಎಂದುಕೊಂಡಿದ್ದಳು. ಸೊಟ್ಟ ಹೊಲಿಗೆಯನ್ನು ಯಾರು ಬೇಕಾದರೂ ಹಾಕಬಹುದಲ್ಲ, ಗುಬ್ಬಿಯೇ ಬೇಕೆಂದಿಲ್ಲ.

ಆದ್ದರಿಂದಲೇ, ಟಿವಿಯವರು ಮೊಟ್ಟಮೊದಲ ಸಿಡುಕಪ್ಪನನ್ನು ತೋರಿಸಿ ಎಂದು ಬರುವ ಹಿಂದಿನ ದಿನ ಆ ಚೀಲ ಮೇಜಿನ ಮೇಲೆ ಬೋರಲಾದದ್ದು. ಮರುದಿನ ಗುಬ್ಬಿ ಅಮ್ಮನ ಮಂಚದ ಪಕ್ಕ ಕೂತು ಟಿವಿ ನೋಡಿದಳು. ಗಾಜಿನ ಪೆಟ್ಟಿಗೆಯಲ್ಲಿ ಅವಳ ಗೊಂಬೆ. ಪಕ್ಕದಲ್ಲಿ ಹೊಸ ಉಣ್ಣೆ ಕೋಟು ತೊಟ್ಟ ದೊಡ್ಡಮ್ಮ. "ಜ್ವರ ಬಂದು ಮಲಗಿದ್ದೆ, ಕನಸಿನಲ್ಲಿ ಬಂದ. ಎದ್ದವಳೇ ನನ್ನ ಕೈಯಾರೆ ಹೊಲಿದೆ" ಎನ್ನುತ್ತಿದ್ದಳು. "ಯಾರೋ ಕೆಲಸದ ಹುಡುಗಿ ಕದ್ದುಬಿಟ್ಟಿದ್ಳು, ಪುಣ್ಯಕ್ಕೆ ಸಿಕ್ತು."

"ಅಕ್ಕ ಹಾಗಂದ್ಲಾ?" ಅಮ್ಮ ಕೇಳಿದಳು.

ಗುಬ್ಬಿ ಟಿವಿ ಆರಿಸಿದಳು. ಎಲ್ಲರ ಮುಂದೆ ಕಳ್ಳಿ ಅನ್ನಿಸಿಕೊಂಡಿದ್ದಳು. ಎಲ್ಲರ ಮುಂದೆಯೇ ಆ ಮಾತನ್ನು ನುಂಗಿಸಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಮಾತು ಬಾರದವಳಿಗೆ ಕಾಯುವುದು ಬರುತ್ತದೆ.

ಎರಡು ಬೀದಿ ಆಚೆಗಿನ ಲಾಂಡ್ರಿಯಲ್ಲಿ ಗುಂಡಿ ಹಾಕುವ, ಹರಿದದ್ದನ್ನು ಹೊಲಿಯುವ ಕೆಲಸಕ್ಕೆ ಸೇರಿದಳು. ಮೂರು ತಿಂಗಳಿಗೆ ಹಲ್ಲಿನ ಡಾಕ್ಟರು ಚೀಲ ಹಿಡಿದು ಬಂದರು. ಒಳಗೆ ಇಬ್ಬರು ಸಿಡುಕಪ್ಪಂದಿರು.

"ಇವನು ಹಳಬ, ಇವನು ಹೊಸಬ. ಹೊಸಬನಿಗೆ ಸಿಡುಕೇ ಇಲ್ಲಮ್ಮ. ಎಣ್ಣೆ ಹಚ್ಚಿ ತಲೆ ಬಾಚಿಸ್ಕೊಂಡು ಶಾಲೆಗೆ ಹೊರಟ ಹಾಗಿದಾನೆ. ತೊಳೆದ್ರೆ ಸರಿ ಹೋಗ್ತಾನಾ?"

ಗುಬ್ಬಿ ಹೊಸಬನ ಕೆನ್ನೆಯನ್ನು ಒಂದು ಬೆರಳಲ್ಲಿ ಸವರಿದಳು. ರೋಮ ರಟ್ಟಿನ ಬಾಣ ಹೇಳಿದಂತೆಯೇ ಕೆಳಕ್ಕೆ ಇಳಿದಿತ್ತು.

"ತೊಳೆದ್ರೆ ಹೋಗಲ್ಲ ಸಾರ್."

"ಎಲ್ಲರೂ ಗೊಣಗ್ತಿದಾರೆ. ಆಯಮ್ಮ ಕಣ್ಣು ಬದಲಾಯಿಸಿದ್ರು, ಬಾಯಿ ಬದಲಾಯಿಸಿದ್ರು, ಹೊಲಿಗೇನೂ ಸೊಟ್ಟ ಮಾಡಿಸಿದ್ರು. ಊಹೂಂ."

ಗುಬ್ಬಿ ಗಿರಾಕಿಯ ಮುಂದೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. "ಮೊದಲನೇದನ್ನ ಅವರೇ ಕೈಯಾರೆ ಮಾಡಿದ್ದು ಅಂತಾರಲ್ಲ ಸಾರ್. ನಿಮ್ಮ ಸಂಘದಲ್ಲಿ ಎಲ್ಲರ ಮುಂದೆ ಇನ್ನೊಂದು ಮಾಡಿ ತೋರಿಸಿ ಅನ್ನಿ."

ಡಾಕ್ಟರ ಕಣ್ಣು ಮಿನುಗಿತು. "ಅರೆ! ಸಮಾವೇಶಕ್ಕೆ ಒಳ್ಳೇ ಕಳೆ ಬರತ್ತೆ."

ನಾಲ್ಕೇ ದಿನಕ್ಕೆ ದೊಡ್ಡಮ್ಮ ಲಾಂಡ್ರಿಗೆ ಬಂದಳು. ಇಸ್ತ್ರಿಯ ಹಬೆಯ ನಡುವೆ ನಿಂತು ದನಿ ತಗ್ಗಿಸಿದಳು. "ಏನು ಮಾಡ್ತಿದ್ದೆ ಹೇಳೇ. ಏನೋ ಕೈಚಳಕ ಮಾಡ್ತಿದ್ದೆ ನೀನು."

"ನನಗೇನು ಗೊತ್ತು ದೊಡ್ಡಮ್ಮ, ಕೆಲಸದ ಹುಡುಗಿ."

"ಅದೊಂದು ಮಾತು ಹಿಡ್ಕೊಂಡು ಜಗ್ಗಾಡ್ಬೇಡ. ವಾಪಸ್ ಬಾ, ಹದಿನಾಲ್ಕು ಜನದ ಮೇಲೆ ಯಜಮಾನಿ ಮಾಡ್ತೀನಿ."

"ಎಲ್ಲರ ಮುಂದೆ ಕಳ್ಳಿ ಅಂದ್ರಿ. ಎಲ್ಲರ ಮುಂದೆ ಅಲ್ಲ ಅನ್ನಿ. ಬರ್ತೀನಿ."

"ಹೆತ್ತವಳಿಗಿಂತ ಹಿರಿಯಳು ನಾನು. ನಿನ್ನೆದುರು ತಲೆ ತಗ್ಗಿಸ್ಬೇಕಾ?"

"ಬೇಡ ಬಿಡಿ" ಎಂದು ಗುಬ್ಬಿ ಗುಂಡಿಗೆ ದಾರ ಸುತ್ತಿದಳು.

ಸಮಾವೇಶ ನಡೆದದ್ದು ಗ್ರಂಥಾಲಯದ ಮೇಲಿನ ಸಭಾಂಗಣದಲ್ಲಿ. ಬಂದವರ ಮಡಿಲಲ್ಲೆಲ್ಲ ಸಿಡುಕಪ್ಪಂದಿರು, ಕೆಲವರದು ಕನ್ನಡಕ ಹಾಕಿಕೊಂಡಿತ್ತು, ಒಂದಕ್ಕೆ ಟೈ ಇತ್ತು. ಯಂತ್ರದ ಅಕ್ಕಂದಿರು ಒಂದು ಸಾಲು ಹಿಡಿದಿದ್ದರು. ಗುಬ್ಬಿ ಅವರ ಹಿಂದಿನ ಸಾಲಿನಲ್ಲಿ ಕೂತಳು. ವೇದಿಕೆಯ ಮೇಜಿನ ಮೇಲೆ ಬಟ್ಟೆ, ಕತ್ತರಿ, ರಟ್ಟು, ಹೊಲಿಗೆ ಯಂತ್ರ, ಪಕ್ಕದಲ್ಲಿ ಗಾಜಿನ ಪೆಟ್ಟಿಗೆ.

ದೊಡ್ಡಮ್ಮ ಬಟ್ಟೆ ಹರಡಿದಳು. ಗುಬ್ಬಿಯ ಕಣ್ಣು ಆ ಕೈಯ ಮೇಲೇ ಇತ್ತು. ಕೈ ತಾನಾಗಿ ಬಟ್ಟೆಯನ್ನು ಒಮ್ಮೆ ಸವರಿತು, ದಿಕ್ಕು ಹಿಡಿಯಿತು, ಬಾಣ ಕೆಳಮುಖವಾಗಿ ರಟ್ಟನ್ನಿಟ್ಟಿತು. ನಲವತ್ತು ವರ್ಷದ ಕೈ ತಪ್ಪು ಮಾಡುವುದು ಹೇಗೆ? ಕತ್ತರಿ ಚಕಚಕನೆ ಓಡಿತು. ಅರ್ಧ ಗಂಟೆಗೆ ಗೊಂಬೆ ಎದ್ದು ಕೂತಿತು, ನುಣ್ಣಗೆ, ಹೇಳಿದ ಮಾತು ಕೇಳುವ ಹುಡುಗನ ಹಾಗೆ.

"ಇದು ಸಿಡುಕಪ್ಪ ಅಲ್ಲ, ಅವನ ಅಳಿಯ!" ಹಿಂದಿನಿಂದ ಯಾರೋ ಕೂಗಿದರು. ಸಭೆ ಗೊಳ್ಳೆಂದಿತು. ದೊಡ್ಡಮ್ಮ ಇನ್ನೊಂದು ಕತ್ತರಿಸಿದಳು. ಅದೂ ಅಳಿಯನೇ.

ಗುಬ್ಬಿ ಎದ್ದಳು. ವೇದಿಕೆ ಹತ್ತಿ, "ರಟ್ಟು ಕೊಡಿ ದೊಡ್ಡಮ್ಮ" ಎಂದಳು. ಸಭೆಗೆ ಬೆನ್ನು ಹಾಕಿ, ದೊಡ್ಡಮ್ಮನ ಕಣ್ಣೆದುರೇ ರಟ್ಟು ತಿರುವಿ ಕತ್ತರಿಸಿ, ಹೊಲಿದು, ಹತ್ತಿ ತುಂಬಿ, ಕಣ್ಣು ಕೂರಿಸಿದಳು. ಮೇಲೆತ್ತಿ ಹಿಡಿದಾಗ ರೋಮವೆಲ್ಲ ನಿಮಿರಿಕೊಂಡು ಸಿಡುಕಪ್ಪ ಸಭೆಯನ್ನೇ ದುರುಗುಟ್ಟಿದ. ಚಪ್ಪಾಳೆಗೆ ಕಿಟಕಿ ಅದುರಿತು.

"ಯಾರಮ್ಮ ನೀನು? ಲಾಂಡ್ರಿ ಹುಡುಗಿ ಅಲ್ವಾ?" ಡಾಕ್ಟರು ಎದ್ದು ನಿಂತರು.

"ಆಗ ಇವರ ಕೆಲಸದ ಹುಡುಗಿ ಸಾರ್. ಕಳ್ಳಿ ಅಂದಿದ್ರಲ್ಲ ಟಿವಿಲಿ, ಅದು ನಾನೇ."

ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದು ಕಿವಿಯ ಹತ್ತಿರ ಬಾಗಿದಳು. "ಏನು ಮಾಡ್ದೆ ಅಂತ ಮಾತ್ರ ಹೇಳ್ಬೇಡ. ಇಬ್ಬರೂ ಸೇರಿ ಮಾಡೋಣ. ಕದ್ದಿಲ್ಲ ನೀನು, ಆಯ್ತಾ? ಕದ್ದಿಲ್ಲ."

"ಜೋರಾಗಿ ಹೇಳಿ."

ದೊಡ್ಡಮ್ಮ ಸಭೆಯ ಕಡೆ ತಿರುಗಿದಳು. ಬಾಯಿ ತೆರೆಯಿತು. ಹದಿನಾಲ್ಕು ಜನ ಮುಂದೆಯೇ ಕೂತಿದ್ದರು. ಬಾಯಿ ಮುಚ್ಚಿತು.

ಗುಬ್ಬಿ ಕೈ ಬಿಡಿಸಿಕೊಂಡು ರಟ್ಟನ್ನು ಎಲ್ಲರಿಗೂ ಕಾಣುವಂತೆ ಎತ್ತಿದಳು. "ಗುಟ್ಟೇನೂ ಇಲ್ಲ. ಈ ಬಾಣ ಕೆಳಗಿದೆಯಲ್ಲ, ಇದನ್ನ ಮೇಲೆ ಮಾಡಿ ಕತ್ತರಿಸಿ. ರೋಮ ಎದ್ದು ನಿಲ್ಲತ್ತೆ, ಅಷ್ಟೇ. ಸೂಜಿ ಹಿಡಿಯೋಕೆ ಬರೋರೆಲ್ಲ ಮನೇಲೇ ಮಾಡ್ಕೊಬಹುದು." ಎಷ್ಟೋ ಫೋನುಗಳು ಅವಳ ಕಡೆ ತಿರುಗಿದ್ದವು. ದೊಡ್ಡಮ್ಮ ಕುರ್ಚಿಗೆ ಕುಸಿದಳು.

ಗುಬ್ಬಿ ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದು ಮೊದಲ ಸಿಡುಕಪ್ಪನನ್ನು ಚೀಲಕ್ಕೆ ಹಾಕಿಕೊಂಡಳು. "ಇವತ್ತು ಎಲ್ಲರೂ ನೋಡ್ತಾ ಇರೋವಾಗಲೇ ತಗೊಂಡು ಹೋಗ್ತಿದೀನಿ." ಯಾರೂ ತಡೆಯಲಿಲ್ಲ.

ತಿಂಗಳೊಳಗೆ ಬೀದಿಬೀದಿಯಲ್ಲಿ ಸಿಡುಕಪ್ಪ ಹುಟ್ಟಿದ. ಹಸಿರು, ಕೆಂಪು, ಚುಕ್ಕೆಯವನು. ಸಾಬೂನು ಕೊಂಡರೆ ಒಬ್ಬ ಪುಕ್ಕಟೆ. ಎಲ್ಲರ ಬಳಿಯೂ ಇರುವುದನ್ನು ಯಾರು ಕೂಡಿಡುತ್ತಾರೆ? ಸಂಘದವರು ಯಾವುದೋ ಮೂರು ಕಣ್ಣಿನ ಆಮೆಯ ಹಿಂದೆ ಹೋದರು. ಡಾಕ್ಟರು ನೂರಿಪ್ಪತ್ತನ್ನೂ ಮೂಟೆ ಕಟ್ಟಿ ಲಾಂಡ್ರಿಗೇ ತಂದು ಹಾಕಿದರು. ಲಾಂಡ್ರಿ ನಡೆಸುವ ಅಣ್ಣ ಅವುಗಳಿಂದ ಕಿಟಕಿ ಒರೆಸುತ್ತಿದ್ದ. "ಧೂಳು ಚೆನ್ನಾಗಿ ಹಿಡಿಯತ್ತೆ ಮಾರಾಯ್ತಿ, ಕೂದಲು ಎದ್ದು ನಿಂತಿದೆಯಲ್ಲ."

ಗೊಂಬೆಗೆ ಕಣ್ಣು ಕೂರಿಸುತ್ತಿದ್ದ ಅಕ್ಕ ಒಂದು ದಿನ ಬಾಗಿಲಲ್ಲಿ ನಿಂತಳು. "ಶೆಡ್ಡಿಗೆ ಬೀಗ ಬಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತಲ್ಲೇ ಗುಬ್ಬಿ. ನಾವೇನು ಮಾಡಿದ್ವಿ ನಿನಗೆ?"

"ಏನೂ ಮಾಡ್ಲಿಲ್ಲ ಅಕ್ಕ" ಎಂದಳು ಗುಬ್ಬಿ. "ಅವತ್ತು ಹದಿನಾಲ್ಕು ಮಿಷನ್ ನಿಂತ್ವು. ಒಂದು ಬಾಯೂ ತೆರೀಲಿಲ್ಲ."

ಅಕ್ಕ ಬಂದ ದಾರಿಯಲ್ಲೇ ತಿರುಗಿ ಹೋದಳು. ಆ ದಿನ ಗುಬ್ಬಿಗೆ ಊಟ ಸೇರಲಿಲ್ಲ. ಆದರೂ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಚಳಿ ಶುರುವಾದಾಗ ದೊಡ್ಡಮ್ಮ ಬಂದಳು. ಕೈಯಲ್ಲಿ ಟಿವಿಗೆಂದು ತೊಟ್ಟಿದ್ದ ಅದೇ ಉಣ್ಣೆ ಕೋಟು, ತೋಳಿನ ಮೇಲೆ ಚಹಾದ ಕಲೆ. ಗಲ್ಲಾದ ಹಿಂದಿನ ಹಲಗೆಯ ಮೇಲೆ ಮೊದಲ ಸಿಡುಕಪ್ಪ ಕೂತಿದ್ದ. ಅವನನ್ನು ನೋಡಿಯೂ ನೋಡದವಳಂತೆ ಕೋಟನ್ನು ಮುಂದಿಟ್ಟಳು.

ಗುಬ್ಬಿ ಕೋಟಿನ ಜೇಬುಗಳನ್ನು ಒಂದೊಂದಾಗಿ ಹೊರಗೆಳೆದು ಗಲ್ಲಾದ ಮೇಲೆ ಕೊಡವಿದಳು. ಒಂದು ಕರವಸ್ತ್ರ, ಒಂದು ಗುಂಡಿ, ದಾರದ ಎಳೆ. ಸಾಲಿನಲ್ಲಿ ನಿಂತವರು ಇಣುಕಿ ನೋಡಿದರು. ಆಮೇಲೆ ಚೀಟಿ ಪುಸ್ತಕ ತೆರೆದು ಪೆನ್ನು ಹಿಡಿದಳು.

"ಹೆಸರು?"

"ನನ್ನ ಹೆಸರು ಗೊತ್ತಿಲ್ವೇನೇ ನಿನಗೆ?"

ಗುಬ್ಬಿ ಪೆನ್ನು ಹಿಡಿದೇ ಕಾದಳು. ದೊಡ್ಡಮ್ಮ ತುಟಿಯೊಳಗೇ ಏನೋ ಅಂದಳು.

"ಜೋರಾಗಿ ಹೇಳಿ" ಎಂದಳು ಗುಬ್ಬಿ.