ಸಾಯಂಸಂಧ್ಯೆ ಮಾತ್ರ

ಉಪನಯನವಾದ ವರ್ಷವೇ ಸಂಧ್ಯಾವಂದನೆಗೆ ತಿಲಾಂಜಲಿ ಕೊಟ್ಟಿದ್ದ ತಿರುಮಲರಾಯರು ಅರವತ್ತೆರಡಕ್ಕೆ ಇದ್ದಕ್ಕಿದ್ದಂತೆ ಪಂಚಪಾತ್ರೆ ಹುಡುಕಿದರೆ ಯಾವ ಹೆಂಡತಿಗೆ ಖುಷಿಯಾಗದು? ವೆಸ್ಟ್ ಮಾಂಬಲಂ ಫ್ಲ್ಯಾಟಿನಲ್ಲಿ ಜಯಲಕ್ಷ್ಮೀ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿಕೊಟ್ಟರು.

ಭಕ್ತಿಯೂ ಇಲ್ಲ, ಮಣ್ಣೂ ಇಲ್ಲ. ಹೋದ ತಿಂಗಳು ಮಗಳು ಅಕ್ಷಯಾಳನ್ನು ಶೋಳಿಂಗನಲ್ಲೂರಿನ ಆಫೀಸಿನಿಂದ ಕರೆತರುವಾಗ ಎದುರು ಬಸ್ಸಿನ ದೀಪ ಕಣ್ಣಿಗೆ ಹೊಡೆದು ರಸ್ತೆಯೇ ಮಾಯವಾಗಿತ್ತು. ಬ್ರೇಕ್ ಒತ್ತಿದರೆ ಬಂಪರಿನಿಂದ ಒಂದು ಗೇಣು ಆಚೆ ಸೈಕಲ್ಲಿನ ಮುದುಕ! ಏಳು ತಿಂಗಳ ಬಸುರಿ ಮಗಳು ನಿದ್ದೆಯಿಂದೆದ್ದು ಏನಾಯಿತೆಂದು ಕೇಳಿದಳು. "ನಾಯಿ ಅಡ್ಡ ಬಂತು" ಎಂದರು. ಮೂವತ್ತೈದು ವರ್ಷ ಗಾಡಿ ಓಡಿಸಿದವರಿಗೆ ಕಣ್ಣು ಕಾಣದು ಎನ್ನಲು ಬಾಯಿ ಬರಬೇಕಲ್ಲ. ಮರುದಿನದಿಂದ ಸಂಜೆಗೆ ಸಂಧ್ಯಾವಂದನೆ ಅಡ್ಡ ಬಂತು, ಮಗಳು ಕ್ಯಾಬ್ ಹಿಡಿದಳು.

ಇವತ್ತು ಆರೂವರೆಗೆ ಅವಳ ಫೋನು. "ಅಪ್ಪಾ, ಕ್ಯಾಬ್ ಕಿಡೈಕ್ಕಲೆ. ನೀಂಗಳೇ ವಾಂಗೋ." ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಹೇಳುವವಳು. ಕ್ಯಾಬ್ ಸಿಕ್ಕಿಲ್ಲ, ಅಪ್ಪನೇ ಬರಬೇಕಂತೆ; ಸೊಂಟ ಬೇರೆ ನೋವಂತೆ.

"ಸಂಧ್ಯಾವಂದನೆ ಮುಗಿಸ್ಕೊಂಡೇ ಹೋಗಿ, ಹತ್ತು ನಿಮಿಷದ ಕೆಲಸ" ಎಂದು ಜಯಲಕ್ಷ್ಮೀ ಒಳಗೆ ಹೋಗಿ ಬಂದು, ಕಾರಿನ ಕೀ ಹಿಡಿದು ಎದುರಿಗೇ ಕೂತರು.

ದಿನಾ ಹತ್ತು ಗಾಯತ್ರಿಗೆ ಏಳುವ ರಾಯರು ಇಪ್ಪತ್ತೆಂಟು ದಾಟಿದರು. ನೂರೆಂಟೂ ಮುಗಿಯಿತು. ಹೋಗದಿದ್ದರೆ ಮಗಳು ಬೀದಿಯಲ್ಲಿ, ಹೋದರೆ ತಮ್ಮ ಕಾರಿನಲ್ಲಿ. ಎರಡನೆಯದನ್ನು ನೆನೆದು ಕಣ್ಣು ತೆರೆದರು.

"ಜಯಾ, ಕತ್ತಲಾದ್ರೆ ನಂಗೆ ರೋಡು ಕಾಣಲ್ಲ ಕಣೆ. ಅವತ್ತು ಅಡ್ಡ ಬಂದದ್ದು ನಾಯಿ ಅಲ್ಲ, ಮನುಷ್ಯ."

ಜಯಲಕ್ಷ್ಮೀ ಕೀ ಕೆಳಗಿಟ್ಟರು. "ಅಂತೂ ಬಾಯಿ ಬಿಟ್ರಿ! ಬೆಳಗಿಂದು ಬಿಟ್ಟು ಸಂಜೇದು ಮಾತ್ರ ಮಾಡೋ ಮಡಿವಂತರನ್ನ ನಾನು ಎಲ್ಲೂ ಕಂಡಿಲ್ಲ. ಅದೂ ಮುಳುಗೋ ಹೊತ್ತಲ್ಲಿ 'ಸೂರ್ಯಶ್ಚ' ಅಂತೀರಿ. ಅದು ಬೆಳಗಿನ ಮಂತ್ರ ರೀ, ಸಂಜೆಗೆ 'ಅಗ್ನಿಶ್ಚ'. ಪುರೋಹಿತರ ಮಗಳಿಗೆ ಅಷ್ಟೂ ತಿಳಿಯಲ್ವಾ?"

"ಗೊತ್ತಿದ್ದೂ ಕೀ ಹಿಡ್ಕೊಂಡು ಕೂತ್ಯಾ?"

"ನೀವು ಎದ್ದಿದ್ರೂ ಕೊಡ್ತಿರ್ಲಿಲ್ಲ. ಒಳಗೆ ಹೋದಾಗ್ಲೇ ಫೋನ್ ಮಾಡಿ ಕೆಳಗಿನ ಮನೆ ಗಿರಿಧರನ್ನ ಅವನ ಕಾರಲ್ಲೇ ಕಳಿಸಿಯಾಯ್ತು. ನೀವೇ ಹೇಳ್ಲಿ ಅಂತ ಕಾದೆ."

ರಾಯರಿಗೆ ನಾಚಿಕೆಯೂ ಆಯಿತು, ಅಳುವೂ ಬಂತು.

ಮರುದಿನ ಆರಕ್ಕೇ ಜಯಲಕ್ಷ್ಮೀ ಪಂಚಪಾತ್ರೆಗೆ ನೀರು ತುಂಬಿ ಎಬ್ಬಿಸಿದರು.

"ಹತ್ತಕ್ಕೆ ಕೀಲ್ಪಾಕಲ್ಲಿ ಕಣ್ಣಿನ ಡಾಕ್ಟರು, ಆಟೋಗೆ ಹೇಳಿದೀನಿ. ಏಳಿ, ಆ 'ಸೂರ್ಯಶ್ಚ'ನ ಒಂದು ದಿನವಾದ್ರೂ ಸೂರ್ಯ ಇರೋವಾಗ ಹೇಳಿ."