ಕೈ ಮುಟ್ಟದ ಗೆರೆ

ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಆಸಿಮ್ ಹೊಸ ಡ್ರೋನ್ ಕೊಂಡ. ಹಾರಿಸುವುದನ್ನು ಮಾತ್ರ ಕಲಿಯಲಿಲ್ಲ, ಕಲಿಯುವ ಅಗತ್ಯವೂ ಇರಲಿಲ್ಲ. ಗುಂಡಿ ಒತ್ತಿದರೆ ಅದು ಏಳುತ್ತಿತ್ತು, ಗಾಳಿ ಬೀಸಿದರೂ ನಿಂತಲ್ಲೇ ನಿಲ್ಲುತ್ತಿತ್ತು, ಮರ ಅಡ್ಡ ಬಂದರೆ ತಾನೇ ತಪ್ಪಿಸಿಕೊಳ್ಳುತ್ತಿತ್ತು. ಪರದೆಯ ಮೇಲೆ ಯಾರನ್ನಾದರೂ ಬೆರಳಿಂದ ಮುಟ್ಟಿ ತೋರಿಸಿದರೆ ಅವರು ಹೋದಲ್ಲೆಲ್ಲ ಹಿಂದೆ ಹೋಗುತ್ತಿತ್ತು.

ಅವನ ಅಕ್ಕ ಶಬೀನಾಳ ಡ್ರೋನ್ ಬೇರೆ ಥರದ್ದು. ಬಿಡಿಭಾಗ ತರಿಸಿ ಅವಳೇ ಬೆಸುಗೆ ಹಾಕಿ ಮಾಡಿದ್ದು, ಕೈ ಬಿಟ್ಟರೆ ಬೀಳುವಂಥದ್ದು. ಅದರ ಕ್ಯಾಮೆರಾ ಕಂಡದ್ದನ್ನು ತೋರಿಸುವ ದಪ್ಪ ಕನ್ನಡಕವನ್ನು ಕಣ್ಣಿಗೆ ಬಿಗಿದುಕೊಂಡು ಹಾರಿಸುತ್ತಿದ್ದಳು. ಬೇಲಿ, ಹುಣಸೆಮರ, ಒಮ್ಮೆ ನೆರೆಮನೆಯವರು ಒಣಹಾಕಿದ್ದ ಶ್ಯಾವಿಗೆ, ಹೀಗೆ ಎಲ್ಲದಕ್ಕೂ ಗುದ್ದಿ ಗುದ್ದಿ ಕಲಿತಿದ್ದಳು.

“ಕೈಯಿಂದ ಹಾರಿಸೋ ಕಾಲ ಹೋಯ್ತು ಆಪಾ,” ಎನ್ನುತ್ತಿದ್ದ ಆಸಿಮ್.

“ನಿಂದು ಹಾರ್ತದೆ. ನೀನು ಎಲ್ಲಿ ಹಾರಿಸ್ತೀಯ?” ಎನ್ನುತ್ತಿದ್ದಳು ಅವಳು.

ಸೊರಬದ ಕಡೆಯ ಶ್ರೀಲತಾ ಎಂಬ ಹುಡುಗಿಯ ಮದುವೆಗೆ ಮುಂಚಿನ ವಿಡಿಯೋ ತೆಗೆಯಲು ಇಬ್ಬರೂ ವ್ಯಾನಿನಲ್ಲಿ ಕುಬಟೂರಿಗೆ ಹೋದರು. ಶ್ರೀಲತಾ ಹಳದಿ ಸೀರೆಯುಟ್ಟು ಕೊಯ್ಲಾದ ಗದ್ದೆಯಲ್ಲಿ ಓಡಬೇಕಿತ್ತು. ಆಸಿಮ್ ಪರದೆಯಲ್ಲಿ ಅವಳನ್ನು ಮುಟ್ಟಿ ಕೈಕಟ್ಟಿ ನಿಂತ. ಅದೇ ಹೊತ್ತಿಗೆ ಹುಲ್ಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಅಡ್ಡ ಹಾದಳು. ಅವಳದೂ ಹಳದಿ ಸೀರೆ. ಡ್ರೋನ್ ಒಂದು ಗಳಿಗೆ ಯೋಚಿಸಿದಂತೆ ನಿಂತು, ಮುದುಕಿಯ ಹಿಂದೆ ಹೊರಟಿತು.

ಮುದುಕಿಯ ಹೆಸರು ಹುಚ್ಚಮ್ಮ. ತಲೆಯ ಮೇಲೆ ಗುಂಯ್‌ಗುಡುವುದನ್ನು ಕಂಡು ಅವಳು ಹೆದರಲಿಲ್ಲ. ಹೊರೆ ಇಳಿಸಿದಳು, ನಾಲ್ಕು ಹೆಜ್ಜೆ ಬಲಕ್ಕೆ ಇಟ್ಟು ನೋಡಿದಳು. ಅದೂ ಬಲಕ್ಕೆ ಬಂತು. ಹಳ್ಳಿಗಳಲ್ಲಿ ಡ್ರೋನಿನಿಂದ ಸರ್ವೆ ಮಾಡುತ್ತಾರೆಂದು ಅವಳು ಕೇಳಿದ್ದಳು. ಸೆರಗು ಸಿಕ್ಕಿಸಿಕೊಂಡು, ಮೈದುನ ಜಟ್ಟಪ್ಪನ ಗದ್ದೆಯೊಳಗೆ ಹತ್ತು ಮಾರು ನುಗ್ಗಿ, ಅಲ್ಲಿಂದ ನೆಟ್ಟಗೆ ನಡೆಯತೊಡಗಿದಳು. ಡ್ರೋನ್ ವಿಧೇಯವಾಗಿ ಹಿಂಬಾಲಿಸಿತು.

ಆಸಿಮ್ ಗಾಬರಿಯಾಗಿ, ಹೊರಟಲ್ಲಿಗೇ ವಾಪಸು ಕರೆಸುವ ಗುಂಡಿ ಒತ್ತಿದ. ಡ್ರೋನ್ ವ್ಯಾನಿನ ಪಕ್ಕಕ್ಕೆ ಬಂದಿಳಿಯಿತು. ಈಗ ಹುಚ್ಚಮ್ಮ ಅದರ ಹಿಂದೆ ಬಂದಳು.

“ಅರ್ಧಕ್ಕೆ ಬಿಟ್ಟು ಬಂತಲ್ಲ ತಮ್ಮಾ. ಪೂರ್ತಿ ಅಳೀಲಿ.”

“ನಾವು ಸರ್ಕಾರದವರಲ್ಲ ಅಮ್ಮಾ. ಫೋಟೋದವರು.”

“ಸರ್ವೆಯವರೂ ಫೋಟೋನೇ ತೆಗೀತಾರಂತೆ.”

ಅಷ್ಟರಲ್ಲಿ ಜಟ್ಟಪ್ಪ ಓಡಿ ಬಂದ. ಗದ್ದೆಯ ಗಡಿಯ ಜಗಳದಿಂದ ಅವನಿಗೂ ಅತ್ತಿಗೆಗೂ ವರ್ಷಗಳಿಂದ ಮಾತಿರಲಿಲ್ಲ. ಹಾಗಾಗಿ ಆಸಿಮ್‌ಗೆ ಹೇಳಿದ: “ಅವ್ರು ನಡೆದಂಗೆ ಬಂದ್ರೆ ಅದು ಅಳತೆನಾ? ನಾನೂ ನಡೀತೀನಿ, ಬಿಡ್ರಿ.”

ಬಿಡದೆ ಗತಿಯಿರಲಿಲ್ಲ. ಊರಿನ ಜನ ವ್ಯಾನಿನ ಸುತ್ತ ನೆರೆದಿದ್ದರು. ಜಟ್ಟಪ್ಪ ಹುಚ್ಚಮ್ಮನ ಗದ್ದೆಯೊಳಗೆ ಹತ್ತು ಮಾರು ನುಗ್ಗಿ ನಡೆದ. ಡ್ರೋನ್ ಅವನನ್ನೂ ಅಷ್ಟೇ ಶ್ರದ್ಧೆಯಿಂದ ಹಿಂಬಾಲಿಸಿತು. ಇದರಿಂದ ಏನೂ ಇತ್ಯರ್ಥವಾಗಲಿಲ್ಲ. ಯಾರ ಹಿಂದೂ ಹೋಗದೆ ಮಿಷನ್ನು ತಾನೇ ಗೆರೆ ಹಿಡಿದು ಹೋಗಬೇಕೆಂದು ಊರು ತೀರ್ಮಾನಿಸಿತು. ಆಸಿಮ್ ಫೋನಿನಲ್ಲಿ ನಕ್ಷೆ ತೆರೆಯಲು ನೋಡಿದ. ನೆಟ್‌ವರ್ಕ್ ಇರಲಿಲ್ಲ.

“ನಾನು ಹಾರಿಸ್ತೀನಿ,” ಎಂದಳು ಶಬೀನಾ. “ಗಡಿಯ ಎರಡು ತುದಿ ತೋರಿಸಿ, ಸಾಕು.”

ತುದಿಗಳ ಬಗ್ಗೆ ತಕರಾರಿರಲಿಲ್ಲ. ಒಂದು ಕಡೆ ಮತ್ತಿಮರ, ಇನ್ನೊಂದು ಕಡೆ ಮೋರಿ. ಆದರೆ ಹುಚ್ಚಮ್ಮ ತಲೆಯಾಡಿಸಿದಳು.

“ನೀನು ಹಾರಿಸಿದ್ರೆ ಅದು ನಿನ್ನ ಗೆರೆ ಆತು ಮಗಳೇ. ಮನುಷ್ಯರ ಕೈ ಬೇಡ. ಅಳೆದೋದ ಮನುಷ್ಯರನ್ನೆಲ್ಲ ನೋಡಾತು.”

ಜಟ್ಟಪ್ಪ, “ಅದು ಖರೆ,” ಎಂದ. ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು.

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಶಬೀನಾ ತಲೆನೋವೆಂದು ಹೇಳಿ ವ್ಯಾನ್ ಹತ್ತಿ ಬಾಗಿಲ ಪರದೆ ಎಳೆದುಕೊಂಡಳು. ಆಸಿಮ್ ಅವಳ ಡ್ರೋನನ್ನು ಮತ್ತಿಮರದ ಬುಡದಲ್ಲಿಟ್ಟ. ಅದಕ್ಕೆ ಎಲ್ಲೆಲ್ಲೂ ಟೇಪು ಸುತ್ತಿತ್ತು, ಒಂದು ರೆಕ್ಕೆ ಬೇರೆ ಬಣ್ಣದ್ದು.

“ಇದು ಭಾಳ ಸರ್ವೀಸ್ ಆದದ್ದು,” ಎಂದ ಜಟ್ಟಪ್ಪ ಗೌರವದಿಂದ.

ಅದು ಕಣಜದ ಹುಳುವಿನಂತೆ ಕಿರುಚುತ್ತ ಎದ್ದಿತು. ಮೊಣಕಾಲೆತ್ತರದಲ್ಲಿ, ದಾರ ಹಿಡಿದಂತೆ, ಜನ ಓಡೋಡಿ ಬರುವಷ್ಟು ವೇಗದಲ್ಲಿ ಸಾಗಿತು. ಹಿಂದೆ ಇಬ್ಬರು ಬುಟ್ಟಿಯಿಂದ ಬೂದಿ ಚೆಲ್ಲುತ್ತ ಬಂದರು. ಅಷ್ಟು ತಗ್ಗಿನಲ್ಲಿ ಅಷ್ಟು ನೇರವಾಗಿ ಶಬೀನಾ ಯಾವತ್ತೂ ಹಾರಿಸಿರಲಿಲ್ಲ. ಹಾರಿಸುತ್ತಿರುವುದು ತಾನೆಂದು ಯಾರಿಗೂ ಗೊತ್ತಿಲ್ಲವಲ್ಲ ಎಂದು ಅವಳಿಗೆ ಬೇಸರವಾಯಿತು. ಆಗಲೇ ವ್ಯಾನಿನ ಧೂಳಿಗೆ ಒಂದು ಸೀನು ಬಂತು. ಡ್ರೋನ್ ಜಟ್ಟಪ್ಪನ ಗದ್ದೆಯ ಕಡೆಗೆ ಕುಡುಗೋಲಿನಂತೆ ಬಾಗಿ, ಮತ್ತೆ ದಾರಿ ಹಿಡಿದು, ಮೋರಿಯ ಮೇಲೆ ಇಳಿಯಿತು.

ಬೂದಿಯೂ ಹಾಗೇ ಬಾಗಿತ್ತು. ಎಲ್ಲರೂ ಜಟ್ಟಪ್ಪನನ್ನು ನೋಡಿದರು. ಅವನು ಆ ಬಾಗಿನ ಬಳಿ ಹೋಗಿ ಕಾಲಿಂದ ಮಣ್ಣು ಕೆದಕಿ ನೋಡಿದ.

“ಇಲ್ಲಿ ನಮ್ಮಪ್ಪನ ಕಾಲದಾಗೆ ಒಂದು ಹೊಂಡ ಇತ್ತು,” ಎಂದ. “ನಾನೇ ಮರ್ತಿದ್ದೆ. ಅದಕ್ಕೆ ಸುತ್ತು ಹಾಕಿ ಹೋಗೈತೆ.”

“ಹೌದು, ಇತ್ತು,” ಎಂದಳು ಹುಚ್ಚಮ್ಮ. “ಎಮ್ಮೆ ಬಿದ್ದಿತ್ತಲ್ಲ ಜಟ್ಟಪ್ಪಾ.”

ಎಮ್ಮೆಯ ಮಾತಾಡುತ್ತ ಇಬ್ಬರೂ ಮನೆ ಕಡೆ ನಡೆದರು. ಶ್ರೀಲತಾಳ ಓಟ ಮುಗಿಯುವಾಗ ಬಿಸಿಲು ಇಳಿದಿತ್ತು.

ವಿಡಿಯೋ ಕೊಡಲು ಆ ದಾರಿಯಲ್ಲಿ ಹೋದಾಗ ಶಬೀನಾ ಸೀನಿನ ವಿಷಯ ಹೇಳಿಬಿಡಬೇಕೆಂದು ವ್ಯಾನ್ ನಿಲ್ಲಿಸಿದಳು. ಅಲ್ಲಿ ಹೊಸ ಬದು ಎದ್ದಿತ್ತು, ಬಾಗು ಸಮೇತ. ಬಾಗಿನ ಮೇಲೆ ಅತ್ತಿಗೆ ಮೈದುನ ಕೂತು ಎಲೆಅಡಿಕೆ ಹಾಕುತ್ತಿದ್ದರು. ಅವಳು ಕೈ ಬೀಸಿ ವಾಪಸು ಬಂದಳು.

ಆಮೇಲೆ ಸ್ಟುಡಿಯೋಗೆ ಮದುವೆಯವರಿಗಿಂತ ಗಡಿಯವರೇ ಹೆಚ್ಚು ಬರತೊಡಗಿದರು. ಎಲ್ಲರಿಗೂ ಬೇಕಾದದ್ದು ಟೇಪು ಸುತ್ತಿದ ಹಳೇ ಮಿಷನ್ನೇ. ಇದು ಸರ್ಕಾರಿ ಅಳತೆಯಲ್ಲ ಎಂದು ಆಸಿಮ್ ಪ್ರತಿ ಸಲ ಹೇಳುತ್ತಿದ್ದ. ಅದಕ್ಕೇ ಬೇಕು ಎನ್ನುತ್ತಿದ್ದರು. ಗದ್ದೆಯ ನಡುವೆ, ತಾನೇನೂ ಮುಟ್ಟುತ್ತಿಲ್ಲವೆಂದು ಎಲ್ಲರಿಗೂ ಕಾಣುವಂತೆ ಎರಡೂ ಕೈ ಮೇಲೆತ್ತಿ ನಿಲ್ಲುವುದು ಅವನ ಕೆಲಸವಾಯಿತು. ಭುಜ ನೋವು ಬಂದರೂ ಇಳಿಸುವಂತಿರಲಿಲ್ಲ.

ಬಂದಳಿಕೆ ಊರಿನಲ್ಲಿ ಶಕುಂತಲಮ್ಮ ಎಂಬಾಕೆ ನೀರು ಕೊಡಲೆಂದು ವ್ಯಾನಿನ ಪರದೆ ಸರಿಸಿಬಿಟ್ಟಳು. ಒಳಗೆ ಕಣ್ಣು ಪೂರಾ ಮುಚ್ಚುವ ದಪ್ಪ ಕನ್ನಡಕ ಬಿಗಿದುಕೊಂಡ ಹುಡುಗಿ, ತೊಡೆಯ ಮೇಲೆ ಏನೋ ಡಬ್ಬಿ, ಉಸಿರು ಬಿಗಿಹಿಡಿದು ಕೂತಿದ್ದಾಳೆ. ಶಕುಂತಲಮ್ಮ ಮೆಲ್ಲಗೆ ಪರದೆ ಎಳೆದು ಜನರ ಕಡೆ ತಿರುಗಿದಳು.

“ಗಲಾಟೆ ಮಾಡಬ್ಯಾಡ್ರಿ. ಕಣ್ಣು ಆಪರೇಶನ್ ಆದ ಹುಡುಗಿ ಐತೆ ಒಳಗೆ.”

ಮನೆಗೆ ಹೋಗಿ ಹಣ್ಣಾದ ಪಪ್ಪಾಯಿ ತಂದು, ಕಣ್ಣಿಗೆ ಒಳ್ಳೇದೆಂದು, ಪರದೆಯ ಸಂದಿಯಿಂದ ಅವಳ ಮಡಿಲಿಗಿಟ್ಟಳು. ಶಬೀನಾ ಡ್ರೋನ್ ನಡೆಸುವ ಕಡ್ಡಿಗಳಿಂದ ಬೆರಳು ತೆಗೆಯಲಿಲ್ಲ. ಆ ದಿನದ ಗೆರೆ ಸ್ವಲ್ಪವೂ ಬಾಗಲಿಲ್ಲ.